ಹೊತ್ತಿಗೆ ಹೇಳಬೇಕಾದ ನಿಜ



ನಾವಿಕರ ವೇತನ, ಒಪ್ಪಂದ, ವಿಮೆಗಳನ್ನು ಈ ಸಮ್ಮೇಳನದ ಮುಂದಿನ ಗೋಷ್ಠಿಗಳು ಚರ್ಚಿಸಲಿವೆ. ನಾನು ಒಂದೇ ವಿಷಯವನ್ನು ಎತ್ತಿಕೊಳ್ಳುತ್ತೇನೆ. ಪ್ರಯಾಣಿಕರ ಹಡಗು ಅಪಾಯಕ್ಕೆ ಸಿಕ್ಕಾಗ ಕಪ್ತಾನನ ಹೊಣೆ ಏನು, ಸಿಬ್ಬಂದಿಯ ನಡತೆ ಹೇಗಿರಬೇಕು?

2012ರ ಜನವರಿ 13ರ ಸಂಜೆ ಇಟಲಿಯ ಚಿವಿತಾವೆಕ್ಕಿಯಾ ಬಂದರಿನಿಂದ ‘ಕೋಸ್ಟಾ ಕಾಂಕಾರ್ಡಿಯಾ’ ಎಂಬ ಪ್ರಯಾಣಿಕರ ಹಡಗು ಹೊರಟಿತು. ಅದರಲ್ಲಿದ್ದವರು 4,229 ಜನ; ಅವರಲ್ಲಿ ಸಾವಿರಕ್ಕೂ ಹೆಚ್ಚು ಸಿಬ್ಬಂದಿ. ಜಿಲ್ಯೊ ದ್ವೀಪಕ್ಕೆ ತೀರಾ ಹತ್ತಿರದಲ್ಲಿ ಹಾದುಹೋಗಿ ದಡದವರಿಗೆ ವಂದನೆ ಸಲ್ಲಿಸುವ ಆಸೆಗೆ ಕಪ್ತಾನ ಫ್ರಾಂಚೆಸ್ಕೊ ಸ್ಕೆಟ್ಟಿನೊ ನಿಗದಿತ ದಾರಿ ಬಿಟ್ಟ. ರಾತ್ರಿ 9.45ಕ್ಕೆ ಹಡಗು ಬಂಡೆಗೆ ತಾಗಿತು. ಎಡಮಗ್ಗುಲಲ್ಲಿ 50 ಮೀಟರ್‌ಗೂ ಹೆಚ್ಚು ಉದ್ದಕ್ಕೆ ಸೀಳಿತು. ಎಂಜಿನ್ ಕೋಣೆಗೆ ನೀರು ನುಗ್ಗಿ ದೀಪಗಳು ಆರಿದವು.

ಬಂಡೆಗೆ ತಾಗಿದ್ದು ಮೊದಲ ತಪ್ಪು. ಆದರೆ ಅಂದು ಸತ್ತ 32 ಮಂದಿಯ ವಿಚಾರದಲ್ಲಿ ನನ್ನನ್ನು ಹೆಚ್ಚು ಕಾಡುವುದು ಅದರ ನಂತರದ ಒಂದು ಗಂಟೆ. ಹಡಗಿನ ಹೊಟ್ಟೆ ತುಂಬುತ್ತಿದೆ ಎಂಬ ವರದಿ ಹಡಗು ನಡೆಸುವ ಕೋಣೆಯಾದ ಬ್ರಿಡ್ಜ್‌ಗೆ ಬರುತ್ತಲೇ ಇತ್ತು. ಪ್ರಯಾಣಿಕರಿಗೆ ಹೇಳಿದ್ದು ಮಾತ್ರ ‘ವಿದ್ಯುತ್ ತೊಂದರೆ’ ಎಂದು. ಕರಾವಳಿ ಕಾವಲು ಪಡೆ ತಾನಾಗಿ ವಿಚಾರಿಸಿದಾಗಲೂ ಸಿಕ್ಕಿದ್ದು ಅದೇ ಉತ್ತರ. ಹಡಗು ಬಿಡಿ ಎಂಬ ಆಜ್ಞೆ ಹೊರಟಾಗ ಹನ್ನೊಂದು ಗಂಟೆ ಹತ್ತಿರವಾಗಿತ್ತು. ಅಷ್ಟರಲ್ಲಿ ಹಡಗು ಬಲಕ್ಕೆ ವಾಲಿ, ಲೈಫ್‌ಬೋಟುಗಳನ್ನು ಇಳಿಸುವುದೇ ಕಷ್ಟವಾಗಿತ್ತು.

ಅಂತರರಾಷ್ಟ್ರೀಯ ನಿಯಮದ ಪ್ರಕಾರ, ಜನ ಲೈಫ್ ಜಾಕೆಟ್ ತೊಟ್ಟು ಸೇರಿದ ಮೇಲೆ, ಹಡಗು ಬಿಡುವ ಆಜ್ಞೆಯಾದ 30 ನಿಮಿಷದೊಳಗೆ ಪ್ರಯಾಣಿಕರ ಹಡಗಿನ ಎಲ್ಲ ಲೈಫ್‌ಬೋಟುಗಳೂ ನೀರಿಗಿಳಿಯುವಂತಿರಬೇಕು. ಆದರೆ ಆ ಅರ್ಧ ಗಂಟೆಯ ಲೆಕ್ಕ ಶುರುವಾಗುವುದೇ ಆಜ್ಞೆಯಿಂದ. ಅದಕ್ಕೆ ಮುಂಚಿನ ನಿಮಿಷಗಳಿಗೆ ಗಡಿಯಾರವಿಲ್ಲ. ಅಲ್ಲಿರುವುದು ಕಪ್ತಾನನ ಮನಸ್ಸಾಕ್ಷಿ ಒಂದೇ.

ಸ್ಕೆಟ್ಟಿನೊ ದಡ ಸೇರಿದ್ದಾಗ ನೂರಾರು ಜನ ಇನ್ನೂ ಹಡಗಿನಲ್ಲಿದ್ದರು. ಹಡಗಿಗೆ ಹಿಂತಿರುಗು ಎಂದು ಕರಾವಳಿ ಕಾವಲು ಪಡೆಯ ಅಧಿಕಾರಿ ಗ್ರೆಗೋರಿಯೊ ದೆ ಫಾಲ್ಕೊ ಫೋನಿನಲ್ಲಿ ಗದರಿದ್ದನ್ನು ಲೋಕವೇ ಕೇಳಿತು. 2015ರಲ್ಲಿ ನ್ಯಾಯಾಲಯ ಕಪ್ತಾನನಿಗೆ 16 ವರ್ಷದ ಶಿಕ್ಷೆ ವಿಧಿಸಿತು. ಅದರಲ್ಲಿ ಹಡಗನ್ನು ತೊರೆದ ಅಪರಾಧದ ಪಾಲು ಒಂದೇ ವರ್ಷ. ಉಳಿದದ್ದು ಸಾವುಗಳಿಗೆ ಮತ್ತು ಅಪಘಾತಕ್ಕೆ. ಕಪ್ತಾನ ಹಡಗಿನೊಂದಿಗೆ ಮುಳುಗಲಿ ಎಂದು ಯಾವ ಕಾನೂನೂ ಕೇಳುವುದಿಲ್ಲ. ಅವನ ಸಾವಿನಿಂದ ಒಬ್ಬ ಪ್ರಯಾಣಿಕನೂ ಬದುಕುವುದಿಲ್ಲ. ಅವನು ಅಲ್ಲಿ ನಿಂತು, ನಿಜ ಹೇಳಿ, ಆಜ್ಞೆ ಕೊಡುತ್ತಿದ್ದರೆ ನೂರಾರು ಜನ ಬದುಕುತ್ತಾರೆ. ಮಲ್ಪೆಯ, ಮಂಗಳೂರಿನ ಮೀನುಗಾರಿಕೆ ಬೋಟುಗಳಲ್ಲಿ ಬೋಟು ನಡೆಸುವ ತಂಡೇಲನ ಮಾತೇ ಕೊನೆ. ಖಲಾಸಿಗಳು ಅದನ್ನು ಒಪ್ಪುವುದು ನೀರಿನ ಸ್ಥಿತಿಯನ್ನು ಅವನು ಮುಚ್ಚಿಡುವುದಿಲ್ಲ ಎಂಬ ನಂಬಿಕೆಯಿಂದ. ದೊಡ್ಡ ಹಡಗಿನ ಅಧಿಕಾರಕ್ಕೂ ಅಡಿಪಾಯ ಇದೇ ನಂಬಿಕೆ.

ಇನ್ನು ಸಿಬ್ಬಂದಿಯ ಮಾತು. ನಮ್ಮ ಕರಾವಳಿಯಿಂದ ಕ್ರೂಸ್ ಹಡಗು ಹತ್ತುವ ಅನೇಕರು ಅಡುಗೆಮನೆ, ಊಟದ ಹಾಲ್, ಕ್ಯಾಬಿನ್‌ಗಳಲ್ಲಿ ದುಡಿಯುವವರು. ಅಪಾಯದ ಹೊತ್ತಿನಲ್ಲಿ ಪ್ರಯಾಣಿಕರ ಕಣ್ಣೆದುರು ಇರುವವರೂ ಇವರೇ. ಕಾಂಕಾರ್ಡಿಯಾದಲ್ಲಿ ‘ಎಲ್ಲ ಸರಿಯಿದೆ, ಕ್ಯಾಬಿನ್‌ಗೆ ಹೋಗಿ’ ಎಂದು ಪ್ರಯಾಣಿಕರಿಗೆ ಹೇಳಿದ ಸಿಬ್ಬಂದಿ, ಮೇಲಿನಿಂದ ಬಂದ ಮಾತನ್ನೇ ನುಡಿದರು. ಮೇಲಿನವರ ಸುಳ್ಳನ್ನು ಕೆಳಗಿನವರ ಬಾಯಿಂದ ಹೇಳಿಸುವುದಕ್ಕಿಂತ ದೊಡ್ಡ ಅನ್ಯಾಯ ಹಡಗಿನಲ್ಲಿ ಇನ್ನೊಂದಿಲ್ಲ. ಆ ರಾತ್ರಿ ಬೋಟು ಇಳಿಸಲು ದುಡಿದವರಲ್ಲಿ ವೇಟರುಗಳೂ ಅಡುಗೆಯವರೂ ಇದ್ದರು. ಕಳೆದುಹೋದವರಲ್ಲಿ ಎಲ್ಲರಿಗಿಂತ ಕೊನೆಗೆ ಸಿಕ್ಕಿದ್ದು ಒಬ್ಬ ಭಾರತೀಯ ವೇಟರನ ದೇಹ. 2014ರ ನವೆಂಬರಿನಲ್ಲಿ, ಜಿನೋವಾದಲ್ಲಿ ಹಡಗನ್ನು ಒಡೆಯುತ್ತಿದ್ದಾಗ ಅದು ಪತ್ತೆಯಾಯಿತು. ಆತನಿಗೆ ಈ ಸಮ್ಮೇಳನದ ಪರವಾಗಿ ಗೌರವ ಸಲ್ಲಿಸುತ್ತೇನೆ.

ಅದೇ 2014ರ ಏಪ್ರಿಲ್ 16ರಂದು ದಕ್ಷಿಣ ಕೊರಿಯಾದ ‘ಸೆವೊಲ್’ ಮುಳುಗಿತು. 476 ಜನರಲ್ಲಿ 304 ಮಂದಿ ಸತ್ತರು. ಅವರಲ್ಲಿ 250 ಮಂದಿ ಪ್ರವಾಸ ಹೊರಟಿದ್ದ ಒಂದೇ ಶಾಲೆಯ ವಿದ್ಯಾರ್ಥಿಗಳು. ಇದ್ದಲ್ಲೇ ಇರಿ ಎಂದು ಧ್ವನಿವರ್ಧಕ ಮತ್ತೆ ಮತ್ತೆ ಹೇಳಿತು. ಹೇಳಿದ ಮಾತು ಕೇಳುವುದನ್ನು ಕಲಿತಿದ್ದ ಮಕ್ಕಳು ಇದ್ದಲ್ಲೇ ಇದ್ದರು. ಕಪ್ತಾನ ಮೊದಲ ರಕ್ಷಣಾ ದೋಣಿಯಲ್ಲಿ ಪಾರಾದ. ಮೇಲ್ಮನವಿಯಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಅದೇ ಹಡಗಿನಲ್ಲಿ 22 ವರ್ಷದ ಒಬ್ಬ ಸಿಬ್ಬಂದಿ ಹೆಣ್ಣುಮಗಳು ಲೈಫ್ ಜಾಕೆಟುಗಳನ್ನು ಹಂಚುತ್ತಾ ಉಳಿದು ಪ್ರಾಣ ಬಿಟ್ಟಳು.

1991ರ ಆಗಸ್ಟಿನಲ್ಲಿ ದಕ್ಷಿಣ ಆಫ್ರಿಕಾದ ತೀರದಾಚೆ ‘ಓಶಿಯಾನೋಸ್’ ಮುಳುಗುವಾಗ ಕಪ್ತಾನ ಪ್ರಯಾಣಿಕರಿಗಿಂತ ಮುಂಚೆ ಹೆಲಿಕಾಪ್ಟರ್ ಹತ್ತಿದ. ಹಾಡು, ಆಟ ನಡೆಸಲು ಬಂದಿದ್ದ ಕಲಾವಿದರು ರೇಡಿಯೊ ಹಿಡಿದು, ಜನರನ್ನು ಸಾಲುಗೂಡಿಸಿ ಕಳುಹಿಸಿದರು. 571 ಮಂದಿಯೂ ಬದುಕಿದರು. ಧೈರ್ಯವನ್ನು ಭುಜದ ಪಟ್ಟಿಯ ಲೆಕ್ಕದಲ್ಲಿ ಹಂಚಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಆಕಸ್ಮಿಕವಾಗಿ ಸಿಗುವ ಧೈರ್ಯವನ್ನು ನಂಬಿ ಹಡಗು ನಡೆಸಲಾಗದು. ಅದಕ್ಕೇ ತರಬೇತಿ ಬೇಕು.

ಕಂಪನಿಗಳ ಹೊಣೆಯನ್ನೂ ಮರೆಯುವಂತಿಲ್ಲ. 1987ರ ಮಾರ್ಚ್ 6ರಂದು ಬೆಲ್ಜಿಯಂನ ಝೀಬ್ರೂಗೆ ಬಳಿ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಮುಂಬಾಗಿಲು ತೆರೆದಿಟ್ಟೇ ಹೊರಟು ಮಗುಚಿತು. 193 ಜನ ಸತ್ತರು. ಬಾಗಿಲು ಮುಚ್ಚಬೇಕಾದವನು ನಿದ್ದೆಹೋಗಿದ್ದ, ನಿಜ. ಆದರೆ ಬಾಗಿಲು ಮುಚ್ಚಿದೆಯೇ ಎಂದು ತೋರಿಸುವ ದೀಪವನ್ನು ಬ್ರಿಡ್ಜ್‌ನಲ್ಲಿ ಹಾಕಿಸಿ ಎಂದು ಕಪ್ತಾನರು ಮೊದಲೇ ಕೇಳಿದ್ದರು, ಕಚೇರಿ ಕಿವಿಗೊಟ್ಟಿರಲಿಲ್ಲ. ಜೀವರಕ್ಷಣೆಗಾಗಿ ಕಪ್ತಾನ ತೆಗೆದುಕೊಳ್ಳುವ ತೀರ್ಮಾನಕ್ಕೆ ಮಾಲೀಕರು ಅಡ್ಡಬರಕೂಡದು ಎಂದು ಇಂದಿನ ಅಂತರರಾಷ್ಟ್ರೀಯ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಆ ಮಾತು ಕಾಗದದಿಂದ ಬ್ರಿಡ್ಜ್‌ಗೆ ಬರಬೇಕು.

ತರಬೇತಿಯ ಮಾತಿಗೆ ಮರಳಿದರೆ, ಕಾಂಕಾರ್ಡಿಯಾ ಹೊರಟ ಬಂದರಿನಲ್ಲಿ ಹತ್ತಿದ ನೂರಾರು ಪ್ರಯಾಣಿಕರಿಗೆ ಅಪಾಯದಲ್ಲಿ ಏನು ಮಾಡಬೇಕೆಂಬ ಡ್ರಿಲ್ ಆಗಿರಲಿಲ್ಲ. ಆ ದುರಂತದ ನಂತರ ನಿಯಮ ಬಿಗಿಯಾಗಿ, 2015ರಿಂದ ಡ್ರಿಲ್ ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಆಗಬೇಕಾಗಿದೆ. ಸತ್ತವರಿಂದ ಬದುಕಿದವರಿಗೆ ಬಂದ ಕಾನೂನು ಇದು. ಇದನ್ನು ಬೇಸರದ ಔಪಚಾರಿಕತೆ ಮಾಡುವ ಹಕ್ಕು ನಮಗಿಲ್ಲ.

ಆದ್ದರಿಂದ ಮೂರು ನಿರ್ಣಯಗಳನ್ನು ನಿಮ್ಮ ಮುಂದಿಡುತ್ತೇನೆ. ಅಡುಗೆಯವರಿಂದ ಹಿಡಿದು ಕ್ಯಾಬಿನ್ ಸಿಬ್ಬಂದಿಯವರೆಗೆ ಪ್ರತಿಯೊಬ್ಬರಿಗೂ ಬೋಟು ಇಳಿಸುವ ಮತ್ತು ಗುಂಪನ್ನು ನಡೆಸುವ ತರಬೇತಿ, ಅವರಿಗೆ ಚೆನ್ನಾಗಿ ಅರ್ಥವಾಗುವ ಭಾಷೆಯಲ್ಲಿ ಸಿಗಲಿ. ಸುರಕ್ಷತೆಯ ಲೋಪವನ್ನು ವರದಿ ಮಾಡಿದವನ ಮುಂದಿನ ಒಪ್ಪಂದ ಕೈತಪ್ಪದಂತೆ ರಕ್ಷಣೆ ಇರಲಿ. ಕಪ್ತಾನನಾಗುವವನ ಪರೀಕ್ಷೆಯಲ್ಲಿ, ಹಡಗು ಬಿಡುವ ತೀರ್ಮಾನವನ್ನು ಹೊತ್ತಿಗೆ ತೆಗೆದುಕೊಳ್ಳುವ ಅಭ್ಯಾಸಕ್ಕೆ ಹೆಚ್ಚಿನ ತೂಕವಿರಲಿ.

ಯುವ ನಾವಿಕರೆ, ಮುಂದಿನ ಡ್ರಿಲ್‌ನಲ್ಲಿ ಅಪಾಯದ ಸಂಕೇತವಾದ ಏಳು ಕಿರು ಸದ್ದು, ಒಂದು ದೀರ್ಘ ಸದ್ದು ಕೇಳಿದಾಗ ಹಾಜರಿ ಕೊಟ್ಟು ಸುಮ್ಮನಾಗಬೇಡಿ. ನಿಮ್ಮ ಬೋಟಿನ ಪಾಲಿಗೆ ಬಂದ ವೃದ್ಧರು ಯಾರು, ಮಕ್ಕಳು ಯಾರು ಎಂದು ನೋಡಿಟ್ಟುಕೊಳ್ಳಿ. ನಾಳೆ ಕಪ್ತಾನರಾಗುವವರು ನಿಮ್ಮಲ್ಲೇ ಇದ್ದಾರೆ. ಹೆಸರು ಕೆಟ್ಟರೂ ಸರಿ, ಕೆಲಸ ಹೋದರೂ ಸರಿ, ನಿಜವನ್ನು ಹೊತ್ತಿಗೆ ಹೇಳುತ್ತೇನೆ ಎಂಬ ಸಂಕಲ್ಪ ಮಾಡಿ. ಈ ನಿರ್ಣಯಗಳನ್ನು ಸಭೆ ಒಕ್ಕೊರಲಿನಿಂದ ಅಂಗೀಕರಿಸಲಿ ಎಂದು ಕೋರಿ ನನ್ನ ಮಾತು ಮುಗಿಸುತ್ತೇನೆ.