ಪರನಾಡಿಗೆ ಸೇವೆಗೆ ಹೋದ ದಂಪತಿಗಳ ಮೊದಲ ವಾರಗಳು



ಬೆಟ್ಟದ ಊರುಗಳಿಗೆ ಸ್ವಯಂಸೇವಕರು ಬರುವುದು ಈಗ ಹೊಸ ಸಂಗತಿಯಲ್ಲ. ಮಳೆಗಾಲ ಮುಗಿಯುತ್ತಲೇ ನಗರಗಳಿಂದ, ಕೆಲವೊಮ್ಮೆ ಪರದೇಶಗಳಿಂದಲೂ ಜನ ಬರುತ್ತಾರೆ. ಶಾಲೆಯಲ್ಲಿ ಪಾಠ ಹೇಳುತ್ತಾರೆ, ಸಸಿಮಡಿಯಲ್ಲಿ ದುಡಿಯುತ್ತಾರೆ, ಆರೋಗ್ಯ ಶಿಬಿರ ನಡೆಸುತ್ತಾರೆ. ಗಂಡ ಹೆಂಡತಿ ಜೊತೆಯಾಗಿ ಬರುವವರೂ ಇದ್ದಾರೆ. ಇತ್ತ ಓದಿದ ತರುಣ ತರುಣಿಯರಲ್ಲಿ ಕೆಲವರು, ಮದುವೆಯಾದ ಮೇಲೆ ಒಂದೆರಡು ವರ್ಷ ಪರನಾಡಿನಲ್ಲಿ ಸೇವೆ ಮಾಡಿ ಬರಬೇಕೆಂದು ಬಯಸುತ್ತಾರೆ. ಬರುವವರನ್ನು ಕುರಿತೂ ಹೋಗುವವರನ್ನು ಕುರಿತೂ ಕೇಳಬೇಕಾದ ಪ್ರಶ್ನೆ ಒಂದೇ. ಮೊದಲ ಕೆಲವು ವಾರಗಳಲ್ಲಿ ನಿಜವಾಗಿ ನಡೆಯುವುದೇನು? ಆ ವಾರಗಳ ಹೊರೆಯನ್ನು ಹೊರುವವರು ಯಾರು?

ಸಹ್ಯಾದ್ರಿಯಲ್ಲಿ ಹುಟ್ಟುವ ದೂಧಗಂಗಾ, ವೇದಗಂಗಾ ನದಿಗಳು ನಿಪ್ಪಾಣಿ, ಚಿಕ್ಕೋಡಿಗಳ ಬಯಲಿಗಿಳಿದು ಕೃಷ್ಣೆಯನ್ನು ಕೂಡುತ್ತವೆ. ಕೃಷ್ಣೆ ಮುಂದೆ ರಾಯಬಾಗ, ಅಥಣಿಗಳ ಕಡೆಗೆ ಹರಿಯುತ್ತದೆ. ಈ ಸೀಮೆಯ ಹಳ್ಳಿಗಳಲ್ಲಿ ದೊಡ್ಡ ಕಾಯಿಲೆ ಬಂದಾಗ ಹಿರಿಯರ ಬಾಯಲ್ಲಿ ಬರುವ ಊರು ಮಿರಜ. ಕಾಗವಾಡದಿಂದ ಗಡಿ ದಾಟಿದರೆ ಸಿಗುವ ಆ ಊರು ಆಸ್ಪತ್ರೆಗಳ ಊರಾದ ಕಥೆ ಒಂದು ಪರದೇಶಿ ದಂಪತಿಯಿಂದ ಆರಂಭವಾಗುತ್ತದೆ. ಕೆನಡಾದಲ್ಲಿ ಹುಟ್ಟಿದ ವೈದ್ಯ ವಿಲಿಯಂ ಜೇಮ್ಸ್ ವಾನ್‌ಲೆಸ್ 1889ರಲ್ಲಿ ಓದು ಮುಗಿಸಿ, ಅದೇ ವರ್ಷ ಮದುವೆಯಾಗಿ, ಪತ್ನಿ ಮೇರಿಯೊಡನೆ ಹಡಗು ಹತ್ತಿದರು. ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ ಅವರನ್ನು ಕಳುಹಿಸಿತ್ತು. ಮೊದಲು ಸಾಂಗಲಿಯಲ್ಲಿ ಒಂದು ಸಣ್ಣ ಔಷಧಾಲಯ, ಬಳಿಕ ಮಿರಜದಲ್ಲಿ 1894ರಲ್ಲಿ ಆಸ್ಪತ್ರೆ, 1897ರಲ್ಲಿ ವೈದ್ಯ ಶಾಲೆ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆದರೆ ನಡುವಿನ ವರ್ಷಗಳನ್ನು ಎಣಿಸಿ ನೋಡಿ. ಬಂದ ದಿನಕ್ಕೂ ಆಸ್ಪತ್ರೆಯ ಬಾಗಿಲು ತೆರೆದ ದಿನಕ್ಕೂ ನಡುವೆ ಸುಮಾರು ಐದು ವರ್ಷಗಳಿವೆ. ಅಮೆರಿಕದಲ್ಲಿ ಕಲಿತ ವೈದ್ಯನಿಗೆ ಇಲ್ಲಿನ ರೋಗಿಯ ನೋವು ಎಲ್ಲಿದೆ ಎಂದು ಕೇಳಲು ಮೊದಲು ಮರಾಠಿ ಬೇಕಾಗಿತ್ತು. ಅಥಣಿ, ರಾಯಬಾಗಗಳ ಕಡೆಯಿಂದ ಬಂದವರೊಡನೆ ಮಾತಾಡಲು ಕನ್ನಡ ಬಲ್ಲವರ ನೆರವೂ ಬೇಕು. ವಿದ್ಯೆ ಹಡಗಿನಲ್ಲಿ ಜೊತೆಗೆ ಬರುತ್ತದೆ, ಮಾತು ಬರುವುದಿಲ್ಲ.

ನಿಪ್ಪಾಣಿಯ ತಂಬಾಕಿನ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮಡಿಯಲ್ಲಿ ಹುಲುಸಾಗಿ ನಿಂತ ಸಸಿಯನ್ನು ಕಿತ್ತು ಹೊಲದಲ್ಲಿ ನೆಟ್ಟ ಮೊದಲ ದಿನಗಳಲ್ಲಿ ಅದು ಬಾಡಿ ನಿಲ್ಲುತ್ತದೆ. ಕೀಳುವಾಗ ಅದರ ಎಳೆಬೇರುಗಳು ಹರಿದಿರುತ್ತವೆ. ಎಲೆಯಿಂದ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ, ಹೀರಿಕೊಡಲು ಬೇರು ಸಾಲದು. ಹೊಸ ಬೇರು ಒಡೆಯುವ ತನಕ ಮೇಲೆ ಬೆಳವಣಿಗೆ ಕಾಣದು. ಆ ದಿನಗಳಲ್ಲಿ ಸಸಿಯನ್ನು ಉಳಿಸುವುದು ಅದರ ಸ್ವಂತ ಬಲವಲ್ಲ, ನೀರುಣಿಸುವ ಕೈ ಮತ್ತು ಮೋಡ ಮುಚ್ಚಿದ ಆಕಾಶ. ಗೊಬ್ಬರವನ್ನು ಬುಡಕ್ಕೆ ಸುರಿದು ಅವಸರ ಮಾಡಿದವನ ಸಸಿ ಸುಡುತ್ತದೆ.

ಸೇವೆಗೆ ಹೋದ ದಂಪತಿಯ ಮೊದಲ ವಾರಗಳು ದಿನದಿನದ ವಿವರದೊಡನೆ ಬರಹದಲ್ಲಿ ಉಳಿದಿರುವ ಒಂದು ಉದಾಹರಣೆ ಆಫ್ರಿಕಾದ್ದು. ಮಿರಜದ ಕಥೆಯನ್ನು ಅರಿಯಲು ಅದು ನೆರವಾಗುತ್ತದೆಯಾದ್ದರಿಂದ ಸ್ವಲ್ಪ ದೂರ ಹೋಗೋಣ.

ಆಲ್ಬರ್ಟ್ ಶ್ವೈಟ್ಸರ್ ಅಲ್ಸೇಸ್ ಸೀಮೆಯವರು. ಧರ್ಮಶಾಸ್ತ್ರದ ಪಂಡಿತ, ಆರ್ಗನ್ ವಾದ್ಯದಲ್ಲಿ ಹೆಸರಾದವರು. ಮೂವತ್ತರ ವಯಸ್ಸಿನಲ್ಲಿ, 1905ರಲ್ಲಿ, ವೈದ್ಯಕೀಯ ಓದಲು ಕುಳಿತರು. ಹೆಲೆನ್ ಬ್ರೆಸ್ಲಾವ್ ಇತಿಹಾಸದ ಪ್ರಾಧ್ಯಾಪಕರೊಬ್ಬರ ಮಗಳು. ಸ್ಟ್ರಾಸ್‌ಬರ್ಗ್ ನಗರದಲ್ಲಿ ಅನಾಥ ಮಕ್ಕಳ ಮೇಲ್ವಿಚಾರಣೆಯ ಹುದ್ದೆಯಲ್ಲಿದ್ದವರು. ಆಫ್ರಿಕಾಕ್ಕೆ ಹೋಗುವ ಸಲುವಾಗಿಯೇ ಆಕೆ ದಾದಿಯ ತರಬೇತಿ ಪಡೆದರು. 1912ರ ಜೂನ್‌ನಲ್ಲಿ ಮದುವೆಯಾಯಿತು. ಕಚೇರಿಗಳಿಂದ, ಪುಸ್ತಕದಿಂದ, ಗೆಳೆಯರಿಂದ ಹಣ ಕೂಡಿಸಿ, ಎಪ್ಪತ್ತು ಪೆಟ್ಟಿಗೆಗಳಲ್ಲಿ ಸಾಮಾನು ತುಂಬಿ, 1913ರ ಮಾರ್ಚ್ ಕೊನೆಯಲ್ಲಿ ಹಡಗು ಹತ್ತಿ, ಏಪ್ರಿಲ್ 16ರಂದು ಒಗೊವೆ ನದಿಯ ದಡದ ಲಂಬರೆನೆಯನ್ನು ತಲುಪಿದರು. ಇಂದಿನ ಗ್ಯಾಬೊನ್ ದೇಶದಲ್ಲಿರುವ ಊರು ಅದು. ಆಗ ಫ್ರೆಂಚರ ವಸಾಹತು.

ಅಲ್ಲಿ ಕಾದಿದ್ದದ್ದೇನು? ಕಂಬಗಳ ಮೇಲೆ ನಿಂತ ನಾಲ್ಕು ಕೋಣೆಯ ಒಂದು ಮರದ ಮನೆ. ಅದನ್ನು ಸಿದ್ಧಪಡಿಸಿ ಇಟ್ಟವರು ಅಲ್ಲಿನ ಮಿಷನ್ನಿನವರು. ಆಸ್ಪತ್ರೆಗೆಂದು ಒಪ್ಪಿಕೊಂಡಿದ್ದ ತಗಡಿನ ಕಟ್ಟಡ ಎದ್ದಿರಲೇ ಇಲ್ಲ. ಆಳುಗಳು ಸಿಕ್ಕಿರಲಿಲ್ಲ, ಎಲ್ಲರೂ ಮರದ ವ್ಯಾಪಾರದಲ್ಲಿ ತೊಡಗಿದ್ದರು. ಬರಬೇಕಾಗಿದ್ದ ದುಭಾಷಿ ತನ್ನ ಊರಿನ ತಂಟೆಯಲ್ಲಿ ಸಿಕ್ಕಿಬಿದ್ದು ಬರಲಿಲ್ಲ. ಪೆಟ್ಟಿಗೆಗಳಲ್ಲಿ ಬಹುಪಾಲು ಹಿಂದೆಯೇ ಉಳಿದು, ತಿಂಗಳ ಕೊನೆಗೆ ಮುಂದಿನ ದೋಣಿಯಲ್ಲಿ ಬಂದವು. ಮೊದಲ ಮೂರು ವಾರ ತೀರಾ ಕಷ್ಟದಲ್ಲಿರುವ ರೋಗಿಗಳು ಮಾತ್ರ ಬರಬೇಕೆಂದು ಸುತ್ತಲಿನ ಊರುಗಳಿಗೆ ಹೇಳಿಕಳುಹಿಸಲಾಗಿತ್ತು. ಯಾರೂ ಕೇಳಲಿಲ್ಲ. ಮೊದಲ ದಿನದಿಂದಲೇ ಮನೆಯ ಮುಂದೆ ಜನ ನೆರೆದರು.

ಹೀಗಾಗಿ ಚಿಕಿತ್ಸೆ ಬಯಲಿನಲ್ಲಿ, ಸುಡುವ ಬಿಸಿಲಿನಲ್ಲಿ ನಡೆಯಿತು. ಸಂಜೆಯ ಗುಡುಗುಮಳೆ ಎದ್ದೊಡನೆ ಔಷಧಿ, ಬಟ್ಟೆ, ಉಪಕರಣಗಳನ್ನೆಲ್ಲ ಬಾಚಿಕೊಂಡು ಜಗುಲಿಗೆ ಓಡಬೇಕು. ಕೊನೆಗೆ ಹಿಂದಿನವರು ಬಿಟ್ಟುಹೋಗಿದ್ದ ಕೋಳಿಗೂಡೊಂದನ್ನು ಗುಡಿಸಿ, ಸುಣ್ಣ ಬಳಿದು, ಹಲಗೆಗಳನ್ನು ಹೊಡೆದು, ಹಳೆಯ ಮಂಚವೊಂದನ್ನು ಇಟ್ಟು ಅದನ್ನೇ ಆಸ್ಪತ್ರೆ ಮಾಡಿಕೊಂಡರು. ಕಿಟಕಿ ಇಲ್ಲ. ಮಾಡಿನಲ್ಲಿ ತೂತು. ತೂತಿನಿಂದಿಳಿಯುವ ಬಿಸಿಲಿಗೆ ಹೆದರಿ ವೈದ್ಯರು ಒಳಗೂ ಟೋಪಿ ತೆಗೆಯುವಂತಿರಲಿಲ್ಲ. ಮಳೆ ಬಂದಾಗ ಮಾತ್ರ ಹೊರಗೆ ಓಡುವುದು ತಪ್ಪಿತು. ಅಷ್ಟೇ ದೊಡ್ಡ ಸಮಾಧಾನ.

ಇನ್ನು ಜೋಸೆಫ್ ಅಜೊವಾನಿಯ ವಿಷಯ. ದುಭಾಷಿ ಬಾರದೆ ಹೋದಾಗ ಕೈಹಿಡಿದವನು ಅವನು. ಹಿಂದೆ ಅಡುಗೆಯವನಾಗಿದ್ದವನು. ಫ್ರೆಂಚ್, ಇಂಗ್ಲಿಷ್ ಮತ್ತು ಆ ಸೀಮೆಯ ಎಂಟು ಭಾಷೆಗಳನ್ನು ಬಲ್ಲವನು. ಓದಲು ಬಾರದಿದ್ದರೂ ಔಷಧಿಯ ಸೀಸೆಯನ್ನು ಚೀಟಿಯ ಅಕ್ಷರಗಳ ಆಕಾರದಿಂದಲೇ ಗುರುತಿಸಿ ಕೈಗೆ ಕೊಡುತ್ತಿದ್ದ. ರೋಗಿಯ ನೋವನ್ನು ಅವನು ಫ್ರೆಂಚಿಗೆ ತರುತ್ತಿದ್ದದ್ದು ಅಡುಗೆಮನೆಯ ಮಾತಿನಲ್ಲಿ. ಕಾಲು ನೋವೆಂದರೆ ಬಲತೊಡೆಯ ಮಾಂಸ ನೋಯುತ್ತಿದೆ ಎನ್ನುತ್ತಿದ್ದ. ಈ ಪ್ರಸಂಗವನ್ನು ಓದಿ ನಗುವವರೇ ಹೆಚ್ಚು. ಕೃಷಿ ವಿಸ್ತರಣೆಯ ಕೆಲಸ ಬಲ್ಲವರು ನಗುವುದಿಲ್ಲ. ತನಗೆ ಗೊತ್ತಿರುವ ಒಂದು ಕಸುಬಿನ ಮಾತನ್ನು ಹಿಡಿದು ಎರಡು ಲೋಕಗಳ ನಡುವೆ ಸೇತುವೆ ಹಾಕಿದ ಮನುಷ್ಯ ಅವನು. ಮೊದಲ ಒಂಬತ್ತು ತಿಂಗಳಲ್ಲಿ ಸುಮಾರು ಎರಡು ಸಾವಿರ ರೋಗಿಗಳಿಗೆ ಚಿಕಿತ್ಸೆ ನಡೆಯಿತು ಎಂಬ ಲೆಕ್ಕದಲ್ಲಿ ಅವನ ಪಾಲು ಎಷ್ಟೆಂದು ಯಾರೂ ಬರೆದಿಟ್ಟಿಲ್ಲ.

ಹೆಲೆನ್ ಅವರ ಪಾಲೂ ಹಾಗೆಯೇ ಮರೆಗೆ ಸರಿಯಿತು. ಬೆಳಗ್ಗೆ ಮನೆಗೆಲಸದ ಏರ್ಪಾಡು, ಬಳಿಕ ಉಪಕರಣಗಳ ಶುದ್ಧಿ, ಬಟ್ಟೆಪಟ್ಟಿಗಳ ಸಿದ್ಧತೆ, ಮುಂದೆ ಶಸ್ತ್ರಚಿಕಿತ್ಸೆ ಆರಂಭವಾದಾಗ ರೋಗಿಗೆ ಅರಿವಳಿಕೆ ಕೊಡುವ ಹೊಣೆ. ಅರಿವಳಿಕೆಯಲ್ಲಿ ಕೈ ಸ್ವಲ್ಪ ತಪ್ಪಿದರೂ ಪ್ರಾಣಕ್ಕೆ ಸಂಚಕಾರ. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಜರ್ಮನ್ ಪ್ರಜೆಗಳೆಂಬ ಕಾರಣಕ್ಕೆ ಇಬ್ಬರೂ ಕಾವಲಿಗೊಳಗಾದರು. 1917ರಲ್ಲಿ ಅವರನ್ನು ಫ್ರಾನ್ಸಿನ ಬಂಧನ ಶಿಬಿರಕ್ಕೆ ಒಯ್ದರು. ಆಕೆಯ ಆರೋಗ್ಯ ಕುಸಿಯಿತು. 1924ರಲ್ಲಿ ಪತಿ ಮರಳಿ ಹೊರಟಾಗ ಆಕೆ ಹೋಗಲಾಗಲಿಲ್ಲ. ಮಗಳು ರೇನಾಳೊಡನೆ ಯುರೋಪಿನಲ್ಲಿ ಉಳಿದರು. ನೊಬೆಲ್ ಶಾಂತಿ ಪ್ರಶಸ್ತಿಯ ಪಟ್ಟಿಯಲ್ಲಿ 1952ರ ಸಾಲಿನಲ್ಲಿರುವುದು ಒಂದೇ ಹೆಸರು. ಜೊತೆಯಾಗಿ ಹೊರಡುವ ದಂಪತಿಗಳು, ಮುಖ್ಯವಾಗಿ ಗಂಡಂದಿರು, ಈ ಸಂಗತಿಯನ್ನು ಹೊರಡುವ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಒಗೊವೆಯ ದಡದಲ್ಲಿ ಆ ದಂಪತಿ ಕಂಡ ಇನ್ನೊಂದು ಸಂಗತಿ ಬೆಟ್ಟದವರಿಗೂ ಬಯಲಿನವರಿಗೂ ತಟ್ಟಬೇಕು. ಅಲ್ಲಿನ ಒಕುಮೆ ಮರಕ್ಕೆ ಯುರೋಪಿನಲ್ಲಿ ಒಳ್ಳೆಯ ಬೆಲೆ. ಗಂಡಸರೆಲ್ಲ ಮರ ಕಡಿಯಲು ಹೋದರು, ಹಣ ಬಂತು. ಬಾಳೆ, ಮರಗೆಣಸುಗಳ ತೋಟಗಳು ಪಾಳು ಬಿದ್ದವು. ಮರದ ವ್ಯಾಪಾರ ಭರಾಟೆಯಿಂದ ನಡೆದ ಕಡೆಯಲ್ಲೇ ಅನ್ನದ ಕೊರತೆ ಎಂದು ಶ್ವೈಟ್ಸರ್ ಗುರುತಿಸಿದರು. ಆಸ್ಪತ್ರೆಯ ಕಟ್ಟಡ ಏಳದಿದ್ದುದಕ್ಕೂ, ರೋಗಿಗಳು ತಮ್ಮ ಊಟವನ್ನು ತಾವೇ ತರಬೇಕೆಂಬ ನಿಯಮಕ್ಕೂ ಬೇರು ಕಾಡಿನ ಈ ವ್ಯಾಪಾರದಲ್ಲಿತ್ತು. ರೋಗ ನೋಡಲು ಹೋದವರಿಗೆ ನೆಲದ ಸಂಗತಿ ಅರಿವಾಗಲು ಕೆಲವು ವಾರಗಳೇ ಬೇಕಾದವು. ಕೃಷ್ಣಾ ತೀರದ ಕಬ್ಬು, ನಿಪ್ಪಾಣಿಯ ತಂಬಾಕು ಹಣ ತಂದ ಹಾಗೆಯೇ ಜೋಳದ ಹೊಲವನ್ನೂ ದನದ ಮೇವನ್ನೂ ಬದಿಗೆ ಸರಿಸಿವೆ. ಚಿಕ್ಕೋಡಿ, ರಾಯಬಾಗಗಳ ಕಡೆಗೆ ಪೌಷ್ಟಿಕತೆಯ ಪಾಠ ಹೇಳಲು ಬರುವ ಸ್ವಯಂಸೇವಕರು ಮೊದಲ ವಾರ ಯಾರಿಗೂ ಪಾಠ ಹೇಳದೆ, ಯಾವ ಹೊಲದಲ್ಲಿ ಏನಿದೆ ಎಂದು ನಡೆದು ನೋಡಿದರೆ ಅವರ ಪಾಠವೇ ಬದಲಾಗಬಹುದು.

ಈ ದಂಪತಿಗಳನ್ನು ದೇವರ ಪಟದಂತೆ ಗೋಡೆಗೆ ತೂಗುಹಾಕಬೇಕಾಗಿಲ್ಲ. ಮಿರಜಕ್ಕೆ ಬಂದವರ ಹಿಂದೆ ಧರ್ಮಪ್ರಚಾರದ ಉದ್ದೇಶವೂ ಇತ್ತು, ಮುಚ್ಚಿಡುವಂಥದೇನೂ ಅಲ್ಲ. ಶ್ವೈಟ್ಸರ್ ಆಫ್ರಿಕಾದವರನ್ನು ತಮ್ಮ ಕಿರಿಯ ಸೋದರರಂತೆ ಕಂಡರು. ತಮ್ಮನೆಂದು ಕರೆಸಿಕೊಂಡವನಿಗೆ ಹಿರಿತನ ಎಂದಿಗೂ ಸಿಗದು ಎಂಬ ಟೀಕೆ ಅವರ ಮೇಲಿದೆ, ಅದು ನ್ಯಾಯವಾದ ಟೀಕೆ. ಎಂಟು ಭಾಷೆ ಬಲ್ಲ ಜೋಸೆಫನ ಎದುರಿಗೆ ನಿಂತಾಗ ತಮ್ಮ ಯಾರು, ಅಣ್ಣ ಯಾರು?

ಈ ಸೀಮೆಯಿಂದ ಹೊರಗೆ ಹೋದವರೂ ಇದ್ದಾರೆ. ಕನ್ನಡಿಗರು ಮನೆಮಾಡಿಕೊಂಡಿರುವ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನೀಸರು 1938ರ ಸೆಪ್ಟೆಂಬರ್‌ನಲ್ಲಿ ಐವರು ವೈದ್ಯರ ತಂಡದಲ್ಲಿ ಚೀನಾಕ್ಕೆ ಹೊರಟರು. ತಂಡ ಕೆಲಸ ಆರಂಭಿಸಿದ ಊರುಗಳು ಕೆಲವೇ ವಾರಗಳಲ್ಲಿ ಜಪಾನೀಯರ ವಶವಾದವು. ಯೆನಾನ್ ಸೇರುವ ಹೊತ್ತಿಗೆ 1939ರ ಫೆಬ್ರವರಿ. ಅವರು ಚೀನೀ ಭಾಷೆಯನ್ನು ಕಲಿತರು, ಕೆ ದಿಹುವಾ ಎಂಬ ಹೆಸರಿನಿಂದ ಕರೆಸಿಕೊಂಡರು. 1941ರಲ್ಲಿ ಅಲ್ಲಿನ ದಾದಿ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು. 1942ರ ಡಿಸೆಂಬರ್ 9ರಂದು, ಮಗ ಇನ್ನೂ ಎಳೆಗೂಸಾಗಿರುವಾಗ ತೀರಿಕೊಂಡರು.

ಇನ್ನು ಊರವರ ಕಡೆಯ ಮಾತು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ನದಿದಡದ ಊರುಗಳಿಗೆ ನೀರು ನುಗ್ಗಿದಾಗ ನೆರವಿಗೆ ಬಂದವರಿಗೆ ಯಾವ ಓಣಿಯಲ್ಲಿ ಯಾರಿದ್ದಾರೆ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದು ತೋರಿಸಬಲ್ಲವರು ಊರವರೇ. ಆ ಅರಿವಿಗೆ ಕೂಲಿಯಿಲ್ಲ, ಪ್ರಮಾಣಪತ್ರವಿಲ್ಲ. ಸ್ವಯಂಸೇವಕ ದಂಪತಿಯನ್ನು ಕರೆಯುವ ಊರು ಮೊದಲೇ ಕುಳಿತು ಗೊತ್ತುಮಾಡಿಕೊಳ್ಳಬೇಕಾದದ್ದಿದೆ. ಅವರು ಎಲ್ಲಿರುವರು, ಬೇಸಿಗೆಯಲ್ಲಿ ಅವರ ಮನೆಗೆ ನೀರು ಯಾರ ಬಾವಿಯಿಂದ ಬರುವುದು, ಮೊದಲ ವಾರಗಳಲ್ಲಿ ಅವರೊಡನೆ ತಿರುಗಾಡುವವರು ಯಾರು, ಆ ದಿನಗಳ ಕೂಲಿಯನ್ನು ಅವರಿಗೆ ತುಂಬಿಕೊಡುವವರು ಯಾರು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಸಾಮಾನ್ಯವಾಗಿ ತಿರುಗಾಡುವ ಹೊಣೆ ಊರಿನ ಒಬ್ಬ ಕಾಲೇಜು ಹುಡುಗಿಯ ಮೇಲೆ ಬೀಳುತ್ತದೆ, ಊಟದ ಹೊಣೆ ಅವಳ ತಾಯಿಯ ಮೇಲೆ.

ಹೋಗುವವರಿಗೆ ಒಂದು ಸಣ್ಣ ವಿವರ. ಲಂಬರೆನೆಯಲ್ಲಿ ಔಷಧಿಗಿಂತ ಬೇಗ ಮುಗಿಯತೊಡಗಿದ್ದು ಔಷಧಿ ಹಾಕಿಕೊಡುವ ಸೀಸೆ ಮತ್ತು ತಗಡಿನ ಡಬ್ಬಿ. ಆ ತೇವದ ಹವೆಯಲ್ಲಿ ಕಾಗದದ ಪೊಟ್ಟಣ ನಿಲ್ಲದು. ಮುಚ್ಚಳವಿರುವ ಸೀಸೆ ಯಾವ ಮನೆಗಾದರೂ ಬೇಕಾದ ವಸ್ತು, ಒಯ್ದವರು ಹಿಂದಕ್ಕೆ ತರಲಿಲ್ಲ. ಎಪ್ಪತ್ತು ಪೆಟ್ಟಿಗೆ ಕಟ್ಟುವಾಗ ಇದು ಹೊಳೆದಿರಲಿಲ್ಲ. ಖಾಲಿ ಸೀಸೆಗಳನ್ನು ಕಳುಹಿಸಿರೆಂದು ವೈದ್ಯರು ಯುರೋಪಿನ ಗೆಳೆಯರನ್ನು ಬೇಡಿಕೊಂಡರು. ಬೆಳಗಿನ ಹೊತ್ತು ರೋಗಿಗಳಿಗೆ ಓದಿ ಹೇಳುತ್ತಿದ್ದ ನಿಯಮಗಳಲ್ಲಿ ಸೀಸೆ, ಡಬ್ಬಿಗಳನ್ನು ಮರಳಿಸಬೇಕೆಂಬ ಮಾತೂ ಸೇರಿತು.