ಚಿತ್ರಕಥೆಯ ಶಾಲೆ ಗಾಂಧಿನಗರದಲ್ಲಿಲ್ಲ, ನಮ್ಮೂರ ಅಂಗಳದಲ್ಲಿದೆ

(ಅಂಕೋಲೆಯಲ್ಲಿ ಕನ್ನಡ ಯುವಕರ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಪಿಯುಸಿಗೆ ಓದು ನಿಲ್ಲಿಸಿ ಪ್ರೆಸ್ಸು ಹಿಡಿದವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಊರ ನಾಟಕದ ಕರಪತ್ರ ಅಚ್ಚು ಹಾಕುವವನನ್ನು ಸಿನಿಮಾ ಬರವಣಿಗೆಯ ಬಗ್ಗೆ ಮಾತಾಡಲು ಯಾಕೆ ಕರೆದಿರಿ ಎಂದು ಕೇಳಿದೆ. 'ಬರೆಯುವ ಹುಡುಗರೆಲ್ಲ ಕೊನೆಗೆ ನಿಮ್ಮಲ್ಲಿಗೇ ಬರುತ್ತಾರಲ್ಲ' ಎಂದರು. ಅದು ನಿಜ.

ಹಾಗೆ ಬಂದ ಒಬ್ಬ ಹುಡುಗನ ಸಂಗತಿ ಹೇಳುತ್ತೇನೆ. ಕಾರವಾರದ ಮೀನುಗಾರರ ಮೇಲೆ 90 ಪುಟದ ಚಿತ್ರಕಥೆ ಬರೆದಿದ್ದ. ಮಾತೆಲ್ಲ ಕನ್ನಡ, ಅಕ್ಷರವೆಲ್ಲ ಇಂಗ್ಲಿಷ್! ನಾನು ಗಟ್ಟಿಯಾಗಿ ಓದಿದೆ. ಕಾಳಿ ನದಿ 'ಖಾಲಿ ನದಿ' ಆಯಿತು. ಹುಡುಗನೇ ನಕ್ಕುಬಿಟ್ಟ. ಯಾಕಪ್ಪಾ ಹೀಗೆ ಎಂದರೆ, 'ಬೆಂಗಳೂರಿನಲ್ಲಿ ಹೀಗೇ ಕೇಳುತ್ತಾರೆ ಅಣ್ಣ, ಕೆಲವು ನಟರಿಗೆ ಕನ್ನಡ ಓದಲು ಬರುವುದಿಲ್ಲ' ಎಂದ.

ಗೆಳೆಯರೇ, ಅಂಗಡಿಯ ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯುವವರು ನಾವು. ನಮ್ಮ ಕಥೆಯನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಆ ಮಸಿ ಯಾರ ಮುಖಕ್ಕೆ?

ಇನ್ನೊಂದು ದೋಷವೂ ಇತ್ತು. ಅವನ ಮೀನುಗಾರರು 'ಮಗಾ', 'ಗುರು' ಎಂದು ಗಾಂಧಿನಗರದ ಭಾಷೆ ಆಡುತ್ತಿದ್ದರು. ಅವನು ಕಲಿತದ್ದು ಸಿನಿಮಾ ನೋಡಿ, ಒಬ್ಬನೇ ಕೋಣೆಯಲ್ಲಿ ಕುಳಿತು. ದೃಶ್ಯದ ಸಂಖ್ಯೆ, ಒಳಗೋ ಹೊರಗೋ, ಹಗಲೋ ರಾತ್ರಿಯೋ ಎಂಬ ನಮೂನೆಯನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಇಬ್ಬರ ನಡುವೆ ಮಾತು ಹೇಗೆ ತಿರುಗುತ್ತದೆ ಎಂಬುದನ್ನು ಕಲಿಯಲು ವರ್ಷಗಳು ಬೇಕು.

ಅದನ್ನು ಕಲಿಸುವ ಶಾಲೆ ಯಾವುದು? ನಮ್ಮ ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ, ಕೈಯಲ್ಲಿ ಬರೆದಿಟ್ಟ ಸಂಭಾಷಣೆಯೂ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಕುಳಿತಲ್ಲೇ ಕೃಷ್ಣನಾಗುತ್ತಾನೆ, ಎದುರಿಗಿದ್ದವ ಕೌರವನಾಗುತ್ತಾನೆ. ಕಥೆಯ ಕೊನೆ ಎಲ್ಲರಿಗೂ ಗೊತ್ತು. ಆದರೂ ಜನ ಬೆಳಗಿನವರೆಗೆ ಕೂರುತ್ತಾರೆ. ಯಾಕೆ ಕೂರುತ್ತಾರೆ ಎಂದು ಗಮನಿಸಿ ನೋಡಿ. ಸಂಭಾಷಣೆಯ ಅರ್ಧ ಪಾಠ ಅಲ್ಲಿಯೇ ಇದೆ. ಗಿರೀಶ ಕಾರ್ನಾಡರು ಬಾಲ್ಯದಲ್ಲಿ ಶಿರಸಿಯಲ್ಲಿ ಯಕ್ಷಗಾನ, ಕಂಪನಿ ನಾಟಕ ನೋಡಿ ಬೆಳೆದವರು. 1970ರ 'ಸಂಸ್ಕಾರ'ಕ್ಕೆ ಚಿತ್ರಕಥೆ ಬರೆದು, ಪ್ರಾಣೇಶಾಚಾರ್ಯನಾಗಿ ನಟಿಸಿದವರೂ ಅವರೇ.

ಎರಡನೆಯ ಪಾಠ ಪುಸ್ತಕದ್ದು. ತೇಜಸ್ವಿಯವರ 'ತಬರನ ಕಥೆ' ಓದಿ. ಆಮೇಲೆ ಗಿರೀಶ ಕಾಸರವಳ್ಳಿಯವರು 1986ರಲ್ಲಿ ಮಾಡಿದ ಚಿತ್ರ ನೋಡಿ. ಏನನ್ನು ಬಿಟ್ಟರು, ಏನನ್ನು ಸೇರಿಸಿದರು, ಯಾವ ಮಾತು ಬರೀ ನೋಟವಾಯಿತು ಎಂದು ಪಟ್ಟಿ ಮಾಡಿ. ಕಾಸು ಖರ್ಚಿಲ್ಲದ ಪಾಠ ಇದು.

ಮೂರನೆಯದು ಜೊತೆಗಾರರು. 'ತಿಥಿ' ಚಿತ್ರ ನೋಡಿದ್ದೀರಲ್ಲ? ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಈರೇಗೌಡರು ತಮ್ಮ ಊರಿನ ಜನರನ್ನೇ ಮನಸ್ಸಿನಲ್ಲಿಟ್ಟು ಬರೆದರು. ಗೆಳೆಯ ರಾಮ್ ರೆಡ್ಡಿ ನಿರ್ದೇಶಿಸಿದರು. ಊರವರೇ ನಟಿಸಿದರು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಮಂಡ್ಯದ ಅಪ್ಪಟ ಮಾತು ಸ್ವಿಟ್ಜರ್‌ಲೆಂಡಿನಲ್ಲಿ ಗೆದ್ದಿತು! ನಿಮಗೂ ಅಂಥ ಒಬ್ಬ ಗೆಳೆಯ ಬೇಕು. ಎಲ್ಲಿ ಸಿಗುತ್ತಾನೆ? ಹೆಗ್ಗೋಡಿನ ನೀನಾಸಂಗೆ ಹೋಗಿ. 1949ರಲ್ಲಿ ಹಳ್ಳಿಯ ಗೆಳೆಯರ ಬಳಗವಾಗಿ ಹುಟ್ಟಿದ್ದು, 1980ರಿಂದ ರಂಗಶಿಕ್ಷಣ ಕೊಡುತ್ತಿದೆ. ಪಣಜಿಯ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಹೋಗಿ. 2004ರಿಂದ ಅದು ಗೋವೆಯಲ್ಲೇ ನಡೆಯುತ್ತಿದೆ. ಕಾರವಾರದಿಂದ ಬೆಂಗಳೂರಿಗೆ ಒಂದು ರಾತ್ರಿಯ ಬಸ್ಸು. ಪಣಜಿಗೆ ಎರಡು ಮೂರು ತಾಸು ಸಾಕು.

ಕಾರವಾರದ ಹುಡುಗರು ಕೆಲವರು ಅಳುಕುತ್ತಾರೆ: 'ನಮ್ಮ ಮನೆಮಾತು ಕೊಂಕಣಿ, ನಮ್ಮ ಕನ್ನಡ ಸಾಲದು.' ಯಾರು ಹೇಳಿದರು? ಗೌರೀಶ ಕಾಯ್ಕಿಣಿ, ಯಶವಂತ ಚಿತ್ತಾಲ, ಕಾರ್ನಾಡ, ಜಯಂತ ಕಾಯ್ಕಿಣಿ, ಇವರ ಮನೆಮಾತೂ ಕೊಂಕಣಿಯೇ. ಕನ್ನಡಕ್ಕೆ ಅವರು ಕೊಟ್ಟದ್ದು ಸಣ್ಣದೇ? ಎರಡು ಭಾಷೆ ಕೇಳಿ ಬೆಳೆದ ಕಿವಿ ಬರಹಗಾರನಿಗೆ ಆಸ್ತಿ.

1883ರಲ್ಲಿ ತರುಣ ರವೀಂದ್ರನಾಥ ಠಾಕೂರರು ಕಾರವಾರಕ್ಕೆ ಬಂದು ಅಣ್ಣನ ಮನೆಯಲ್ಲಿದ್ದರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು, ಐಸಿಎಸ್ ಪಾಸಾದ ಮೊದಲ ಭಾರತೀಯ. ಅಂಥ ಮನೆಯಲ್ಲಿ ಇಂಗ್ಲಿಷಿಗೇನು ಬರ? ಆದರೂ ನಮ್ಮ ಕಡಲ ತೀರದಲ್ಲಿ ಆ ಹುಡುಗ 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದದ್ದು ತನ್ನ ಬಂಗಾಳಿಯಲ್ಲಿ!

ಈಗ ನೋವಿನ ಮಾತು. 2024ರ ಜುಲೈ 16ರಂದು ಇದೇ ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬದಿಯಲ್ಲಿ ಚಹಾ ಅಂಗಡಿ ನಡೆಸುತ್ತಿದ್ದ ಕುಟುಂಬ ಮಣ್ಣುಪಾಲಾಯಿತು. ಗಂಗಾವಳಿಯ ಆಚೆ ದಡದ ಉಳುವರೆಗೆ ನೀರು ನುಗ್ಗಿ ಮನೆಗಳು ನೆಲಸಮವಾದವು. ನಾಪತ್ತೆಯಾದ ಕೇರಳದ ಒಬ್ಬ ಲಾರಿ ಚಾಲಕನಿಗಾಗಿ ಮಲಯಾಳಂ ಚಾನೆಲ್ಲುಗಳು ದಿನಗಟ್ಟಲೆ ಇಲ್ಲೇ ಬೀಡುಬಿಟ್ಟವು. ಲಾರಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ. ನಾನು ಅವರನ್ನು ದೂರುವುದಿಲ್ಲ. ತಮ್ಮ ಒಬ್ಬ ಮನುಷ್ಯನಿಗಾಗಿ ಅವರ ಭಾಷೆ ಎದ್ದು ನಿಂತಿತು. ಉಳುವರೆಯವರಿಗಾಗಿ ನಮ್ಮ ಭಾಷೆ ಎಷ್ಟು ದಿನ ನಿಂತಿತು? ಆ ಪ್ರಶ್ನೆ ನನ್ನನ್ನೂ ಸೇರಿಸಿ ಎಲ್ಲರಿಗೂ.

ಅಂಥ ಕಥೆ ಬರೆಯುವುದಾದರೆ ಮೊದಲು ಆ ಅಂಗಳಕ್ಕೆ ಹೋಗಿ ಕುಳಿತುಕೊಳ್ಳಿ. ಒಪ್ಪಿಗೆ ಕೇಳಿ. ದುಃಖವನ್ನು ಸರಕು ಮಾಡಬೇಡಿ. ಅವರ ಮಾತನ್ನು ಅವರ ಬಾಯಲ್ಲಿದ್ದಂತೆ ಬರೆಯಿರಿ.

ಕೊನೆಯದಾಗಿ ವ್ಯವಹಾರದ ಮಾತು. ಬರೆದದ್ದನ್ನು ನಿರ್ಮಾಪಕರ ಕೈಗೆ ಕೊಡುವ ಮೊದಲು ಹಕ್ಕುಸ್ವಾಮ್ಯ ಕಚೇರಿಯಲ್ಲೋ, ಮುಂಬಯಿಯ ಚಿತ್ರಕಥೆಗಾರರ ಸಂಘದಲ್ಲೋ ನೋಂದಾಯಿಸಿ. ಯಾರಿಗೆ, ಯಾವ ದಿನ ಪ್ರತಿ ಕೊಟ್ಟಿರಿ ಎಂದು ಬರೆದಿಡಿ.

ಆ ಹುಡುಗ ಈಗ ಹಸ್ತಪ್ರತಿಯನ್ನು ಕನ್ನಡ ಅಕ್ಷರದಲ್ಲಿ ತಿದ್ದುತ್ತಿದ್ದಾನೆ. ಸಂಜೆ ಅವನ ಮೂವರು ಗೆಳೆಯರು ಪ್ರೆಸ್ಸಿಗೆ ಬಂದು ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು ಓದುತ್ತಾರೆ. ನಾಲಗೆ ತಡವರಿಸಿದ ಸಾಲಿನ ಕೆಳಗೆ ಗೆರೆ ಎಳೆಯುತ್ತಾರೆ. ನಿಮ್ಮ ಊರಲ್ಲೂ, ನಿಮ್ಮ ಹಾಸ್ಟೆಲ್ಲಿನಲ್ಲೂ ನಾಲ್ಕು ಜನ ಕೂಡಿ. ಕಾಳಿ ನದಿ ಕಾಳಿಯಾಗಿಯೇ ಹರಿಯಲಿ.

ಸಿರಿಗನ್ನಡಂ ಗೆಲ್ಗೆ!