ಚೀಟಿಯಲ್ಲಿ ‘ಕ್ಯಾನ್ಸರ್ ಕಂಡುಬಂದಿಲ್ಲ’ ಎಂದಿದ್ದರೆ



ದೀಪ ಹಚ್ಚಿಯಾಯಿತು, ಬಾಯಿ ಆರೋಗ್ಯದ ಈ ಪ್ರದರ್ಶನ ಇನ್ನು ನಿಮ್ಮದು. ಒಳಗೆ ಹೋದವರು ಸೂಕ್ಷ್ಮದರ್ಶಕದ ಮೇಜಿನ ಹತ್ತಿರ ಸ್ವಲ್ಪ ನಿಲ್ಲಿ. ಅಲ್ಲಿರುವ ಎರಡು ಸ್ಲೈಡುಗಳೂ ಒಂದೇ ಗಡ್ಡೆಯವು. ಮೊದಲನೆಯದರಲ್ಲಿ ಲೋಳೆಪೊರೆ ದಪ್ಪಗಾಗಿದೆ, ಅಷ್ಟೇ. ಜೀವಕೋಶಗಳು ಸಭ್ಯವಾಗಿ ಸಾಲುಗಟ್ಟಿ ನಿಂತಿವೆ. ಎರಡನೆಯದರಲ್ಲಿ ಅದೇ ಪೊರೆ ಅಗಲವಾಗಿ, ಮೊಂಡಾಗಿ, ಕೆಳಗಿನ ಅಂಗಾಂಶವನ್ನು ಒತ್ತುತ್ತಾ ಆಳಕ್ಕೆ ಇಳಿದಿದೆ.

ಇದು ವೆರುಕಸ್ ಕಾರ್ಸಿನೋಮ, ಬಾಯಿ ಕ್ಯಾನ್ಸರಿನಲ್ಲಿ ಅಪರೂಪದ ಬಗೆ. 1948ರಲ್ಲಿ ಅಮೆರಿಕದ ಪೆಥಾಲಜಿಸ್ಟ್ ಲಾರೆನ್ ಆಕರ್ಮನ್ ಇದನ್ನು ಬೇರೆಯದೇ ಕಾಯಿಲೆಯೆಂದು ವಿವರಿಸಿದರು. ಹೊಗೆಸೊಪ್ಪು ಅಗಿಯುವವರಲ್ಲೇ ಹೆಚ್ಚು. ಕೆನ್ನೆಯ ಒಳಬದಿಯಲ್ಲೋ ಒಸಡಿನ ಮೇಲೋ ಹೂಕೋಸಿನಂತೆ ಬೆಳ್ಳಗೆ ಏಳುತ್ತದೆ. ವರ್ಷಗಟ್ಟಲೆ ಬೆಳೆದರೂ ಎಷ್ಟೋ ಜನರಿಗೆ ನೋವೇ ಇರುವುದಿಲ್ಲ. ಹಾಗಾಗಿ ‘ಸುಣ್ಣ ಜಾಸ್ತಿಯಾಗಿ ಬಾಯಿ ಬೆಂದಿದೆ, ಡಾಕ್ಟ್ರೇ’ ಎಂದೇ ಮಾತು ಶುರುವಾಗುತ್ತದೆ.

ಮೇಲ್ಮೇಲಿನ ಚೂರನ್ನಷ್ಟೇ ಚಿವುಟಿ ಬಯಾಪ್ಸಿಗೆ ಕಳಿಸಿದರೆ ಪೆಥಾಲಜಿಸ್ಟರಾದ ನಮ್ಮ ಕೈಗೆ ಬರುವುದು ಆ ಮೊದಲ ಸ್ಲೈಡು. ‘ಕ್ಯಾನ್ಸರ್ ಕಂಡುಬಂದಿಲ್ಲ’ ಎಂದು ಬರೆಯುತ್ತೇವೆ. ಕೊಟ್ಟ ಚೂರಿನ ಮಟ್ಟಿಗೆ ಅದು ನಿಜವೇ. ರೋಗಿ ದೇವರಿಗೆ ಕೈಮುಗಿದು ಮನೆಗೆ ಹೋಗುತ್ತಾನೆ, ಗಡ್ಡೆ ಬೆಳೆಯುತ್ತಲೇ ಇರುತ್ತದೆ.

ವಿದ್ಯಾರ್ಥಿಗಳೇ, ಅಂಚನ್ನೂ ಬುಡವನ್ನೂ ಸೇರಿಸಿ ಆಳವಾಗಿ ಕೊಯ್ಯಿರಿ. ಫಾರ್ಮಲಿನ್ ಡಬ್ಬಿಯ ಜೊತೆ ‘ಬಿಳಿ ಮಚ್ಚೆ’ ಎಂದಷ್ಟೇ ಗೀಚಿ ಕಳಿಸಬೇಡಿ. ಎಷ್ಟು ದಿನದ್ದು, ಎಷ್ಟು ದೊಡ್ಡದು, ರೋಗಿ ಹೊಗೆಸೊಪ್ಪನ್ನು ಯಾವ ಬದಿಗೆ ಒತ್ತಿಟ್ಟುಕೊಳ್ಳುತ್ತಾನೆ ಎಂಬುದನ್ನೆಲ್ಲ ಬರೆಯಿರಿ, ಫೋಟೊ ಇಡಿ. ಕಣ್ಣಿಗೆ ಕಂಡದ್ದಕ್ಕೂ ನಮ್ಮ ವರದಿಯ ಚೀಟಿಗೂ ತಾಳೆಯಾಗದಿದ್ದರೆ ಪೆಥಾಲಜಿಸ್ಟರಿಗೆ ಫೋನ್ ಮಾಡಿ. ನಾವು ಬೈಯುವುದಿಲ್ಲ, ಬೈದರೂ ಮತ್ತೆ ಮಾಡಿ.

ಸಮಾಧಾನದ ಸಂಗತಿಯೂ ಇದೆ. ಈ ಗಡ್ಡೆ ಕುತ್ತಿಗೆಯ ಗ್ರಂಥಿಗಳಿಗೆ ಹರಡುವುದು ತೀರಾ ಅಪರೂಪ. ಶಸ್ತ್ರಚಿಕಿತ್ಸೆಯಲ್ಲಿ ಪೂರ್ತಿ ತೆಗೆದರೆ ಬಹುಪಾಲು ಜನ ಗುಣವಾಗುತ್ತಾರೆ. ಆದರೆ ಕೆಲವೊಮ್ಮೆ ಇದರದೇ ಮೂಲೆಯೊಂದರಲ್ಲಿ ಮಾಮೂಲಿ ಸ್ಕ್ವಾಮಸ್ ಕ್ಯಾನ್ಸರ್ ಅಡಗಿರುತ್ತದೆ. ಅದಕ್ಕೇ ತೆಗೆದ ಗಡ್ಡೆಯನ್ನು ಹಲವು ಕಡೆ ಕೊಯ್ದು ನೋಡಬೇಕು.

ಅಡಿಕೆ ಸೀಮೆಯಲ್ಲಿ ನಿಂತು ಮುಂದಿನ ಮಾತು ಹೇಳಲು ಸ್ವಲ್ಪ ಮುಜುಗರ. ಹೊಗೆಸೊಪ್ಪು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಹೇಳಿದೆ. ನಿಮ್ಮ ಸಂಭಾವನೆಯ ತಟ್ಟೆಯಲ್ಲೂ ಎಲೆ ಅಡಿಕೆ ಇದೆ, ನೋಡಿದೆ!

ಪಕ್ಕದ ಕೊಠಡಿಯಲ್ಲಿ ಬಾಯಿ ತಪಾಸಣೆ ನಡೆಯುತ್ತಿದೆ. ಹಳೆಯ ಬಯಾಪ್ಸಿ ಚೀಟಿ ಇದ್ದವರು ಅದನ್ನೂ ತಂದು ತೋರಿಸಿ.